ಉತ್ತರ ಬೇಡದ ಸಂದೇಶ

ಸಲಹೆಗಾಗಿ ನನ್ನಲ್ಲಿಗೆ ಬಂದ ಒಬ್ಬರ ಈ ಪ್ರಕರಣ 2021ರದು. ಆದರೆ ಇದೇ ಅಳಲು ಹೊತ್ತವರು ಆಮೇಲೂ ಬಂದಿದ್ದಾರೆ. 2022ರ ಡಿಸೆಂಬರಿನಲ್ಲಿ ಅಮೆರಿಕದ ಬಫಲೊ ನಗರ ಹಿಮದಲ್ಲಿ ಹುದುಗಿಹೋದಾಗಲೂ ಬಂದರು. ಅದಕ್ಕಾಗಿ ಒಪ್ಪಿಗೆ ಪಡೆದು, ಗುರುತು ಮರೆಸಿ ಬರೆಯುತ್ತಿದ್ದೇನೆ.

ಕಾಸರಗೋಡಿನ ಬದಿಯಡ್ಕ ಕಡೆಯ ಯುವಕ. ಕೋವಿಡ್ ಕಾಲದಲ್ಲಿ ಊರಿಗೆ ಮರಳಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ತಂಡದ ಅರ್ಧ ಮಂದಿ ಟೆಕ್ಸಾಸ್‌ನಲ್ಲಿದ್ದರು. ಫೆಬ್ರವರಿ 15ರಂದು ಅಲ್ಲಿ ನಡುರಾತ್ರಿ ಕಳೆದಿತ್ತು, ಇಲ್ಲಿ ಊಟದ ಹೊತ್ತು. ಆಗ ವಿದ್ಯುತ್ ಕಡಿತ ಶುರುವಾಯಿತು. ಕೊರೆಯುವ ಚಳಿಗೆ ಅನಿಲದ ಬಾವಿಗಳೂ ವಿದ್ಯುತ್ ಸ್ಥಾವರಗಳೂ ಕೈಕೊಟ್ಟಿದ್ದವು. ಆ ರಾಜ್ಯದ ವಿದ್ಯುತ್ ಜಾಲ ಬಹುಮಟ್ಟಿಗೆ ಪ್ರತ್ಯೇಕವಾದುದರಿಂದ ಹೊರಗಿನಿಂದ ಸಾಕಷ್ಟು ತರಿಸಿಕೊಳ್ಳಲೂ ಆಗಲಿಲ್ಲ. 45 ಲಕ್ಷದಷ್ಟು ಮನೆ, ಅಂಗಡಿಗಳು ಕತ್ತಲಾದವು. ಸರ್ಕಾರದ ಲೆಕ್ಕದಂತೆ ಸತ್ತವರು 246 ಜನ.

ಮುಂದಿನ ವಾರ ಆತ ನನ್ನಲ್ಲಿಗೆ ಬಂದಾಗ ಅಲ್ಲಿ ದೀಪಗಳು ಉರಿಯುತ್ತಿದ್ದವು. ಈತನಿಗೆ ಮಾತ್ರ ನಿದ್ದೆ ಇರಲಿಲ್ಲ. ಮೊದಲ ಭೇಟಿಯಲ್ಲಿ ಕಾರಣ ಬಾಯಿಬಿಡಲಿಲ್ಲ. ಎರಡನೆಯದರಲ್ಲಿ ಹೇಳಿದ: "ಮೇಡಂ, ಇದ್ದಿಲ ಕೆಂಡ ಮಾಡಿ ಕೋಣೆಯೊಳಗೆ ಇಟ್ಟುಕೊಳ್ಳಿ ಎಂದು ನಾನೇ ಬರೆದಿದ್ದೆ."

ಬರೆದದ್ದು ತಂಡದ ಹಿರಿಯ ಸಹೋದ್ಯೋಗಿಗೆ, ಕಚೇರಿಯ ವಾಟ್ಸ್ಆ್ಯಪ್ ಗುಂಪಿಗೂ. ನಮ್ಮ ಹಂಚಿನ ಮನೆಯ ಸಂದುಗಳಲ್ಲಿ ಹೊಗೆ ತಾನಾಗಿ ಹೊರಗೆ ಹೋಗುತ್ತದೆ. ಚಳಿಗೆಂದೇ ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಟೆಕ್ಸಾಸ್‌ನಲ್ಲಿ ಹಾಗೆಯೇ ಕೆಲವರು ಸತ್ತರು, ಗ್ಯಾರೇಜಿನೊಳಗೆ ಕಾರು ಚಾಲೂ ಇಟ್ಟುಕೊಂಡವರೂ ಸತ್ತರು. ಆ ಸುದ್ದಿ ಈತ ಓದಿದ ಮೇಲೆ ಎರಡು ದಿನ ಆ ಸಹೋದ್ಯೋಗಿಯಿಂದ ಉತ್ತರವೇ ಇರಲಿಲ್ಲ. ಫೋನ್ ಸತ್ತಿತ್ತು, ಸಂದೇಶವನ್ನು ಆಕೆ ನೋಡಿರಲೇ ಇಲ್ಲ.

'ಏನೂ ಆಗಲಿಲ್ಲವಲ್ಲ, ಬಿಟ್ಟುಬಿಡಿ' ಎಂದು ನಾನು ಹೇಳಲಿಲ್ಲ. ಆತನ ಮನೆಯವರಿಗೆ ಅದು ಬೇಸರ ತಂದಿತು. ಈಗಲೂ ನನಗೆ ಅದೇ ಸರಿಯೆನಿಸುತ್ತದೆ. ಆತನ ಭಯಕ್ಕೆ ಆಧಾರವಿತ್ತು. ಸುಳ್ಳೆಂದು ತಳ್ಳಿದ್ದರೆ ರಾತ್ರಿ ಮತ್ತೆ ಬಂದು ಕೂರುತ್ತಿತ್ತು. ಅದರ ಬದಲು, ಕರೆಂಟಿಲ್ಲದ ಆ ದಿನಗಳಲ್ಲಿ ಆಕೆಗೆ ಕಳಿಸಿದ ಸಂದೇಶಗಳನ್ನು ಎಣಿಸಲು ಹೇಳಿದೆ. 41. ಬಹುತೇಕ ಎಲ್ಲವೂ 'ಹೇಗಿದ್ದೀರಿ', 'ಉತ್ತರಿಸಿ'.

"ಮಳೆಗಾಲದಲ್ಲಿ ಅಡಿಕೆ ಮರ ತಂತಿಯ ಮೇಲೆ ಬಿದ್ದು ನಿಮ್ಮಲ್ಲಿ ಕರೆಂಟು ಹೋಗುತ್ತದಲ್ಲ, ಆಗ ನೆರೆಮನೆಯವರು ಏನು ಕೇಳುತ್ತಾರೆ?" ಎಂದೆ.

ತುಂಬ ಹೊತ್ತು ಸುಮ್ಮನಿದ್ದ. "ಏನೂ ಕೇಳುವುದಿಲ್ಲ. ಪಂಪು ನಡೆಯದು ಎಂದು ಅವರಿಗೆ ಗೊತ್ತು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ತಮ್ಮ ಸುರಂಗದ ನೀರನ್ನು ಪೈಪು ಎಳೆದು ನಮ್ಮ ಅಂಗಳಕ್ಕೆ ಬಿಡುತ್ತಾರೆ." ಸ್ವಲ್ಪ ತಡೆದು, "ನಾನು ಪೈಪು ಎಳೆಯಲಿಲ್ಲ" ಎಂದ.

ನಿಜ. ಆ ಶುಕ್ರವಾರ ಆಕೆ ಒಪ್ಪಿಸಬೇಕಿದ್ದ ವರದಿ ಹಾಗೆಯೇ ಉಳಿದಿತ್ತು. ನೀರಿನ ಕೊಳವೆ ಒಡೆದು ಮನೆಯೆಲ್ಲ ಒದ್ದೆಯಾಗಿದ್ದಾಗ ಆಕೆಯೇ ಕುಳಿತು ಮುಗಿಸಿದಳು. ಈತನಿಗೆ ಆ ಕೆಲಸ ಬರುತ್ತಿತ್ತು, ಇಲ್ಲಿ ಫ್ಯಾನ್ ತಿರುಗುತ್ತಿತ್ತು.

ನನ್ನ ಸಲಹೆ ಎರಡೇ. ಮೊದಲನೆಯದು, ಗುಂಪಿಗೆ ಇವತ್ತೇ ತಿದ್ದುಪಡಿ ಬರೆಯಿರಿ: ಇದ್ದಿಲು, ಜನರೇಟರ್, ಕಾರು, ಯಾವುದನ್ನೂ ಮನೆಯೊಳಗೆ ಅಥವಾ ಗ್ಯಾರೇಜಿನೊಳಗೆ ಉರಿಸಬೇಡಿ. ಇನ್ನೊಂದು ಚಳಿಗಾಲ ಬರುತ್ತದೆ, ಯಾರೋ ಹಳೆಯ ಸಂದೇಶ ಹುಡುಕಿ ಓದಿಯಾರು. ಎರಡನೆಯದು, ಮುಂದೆ ಇಂಥ ಸಮಯ ಬಂದರೆ ಉತ್ತರ ಬೇಡದ ಒಂದೇ ಸಂದೇಶ ಕಳಿಸಿ, ಆಮೇಲೆ ಕೆಲಸ ಎತ್ತಿಕೊಳ್ಳಿ. ಕ್ಷೇಮ ವಿಚಾರಿಸಲೇಬೇಕಾದರೆ ತಂಡದಲ್ಲಿ ಒಬ್ಬರು ಸಾಕು, ದಿನಕ್ಕೊಮ್ಮೆ ಸಾಕು. ಕರೆಂಟಿಲ್ಲದವರ ಫೋನಿನ ಉಳಿದ ಚಾರ್ಜು ಆಂಬುಲೆನ್ಸ್ ಕರೆಯಲು ಬೇಕು. ನಮ್ಮ ಆತಂಕ ಇಳಿಸಿಕೊಳ್ಳಲು ಅದನ್ನು ಖರ್ಚು ಮಾಡುವ ಹಕ್ಕು ನಮಗಿಲ್ಲ.

ಇದು ಕಠಿಣವಾಯಿತು ಎಂದವರಿದ್ದಾರೆ. ಪ್ರೀತಿಯಿಂದ ಕೇಳುವುದೂ ತಪ್ಪೇ ಎಂದರು. ತಪ್ಪಲ್ಲ. ಆದರೆ ಚಳಿಯಲ್ಲಿ ನಡುಗುತ್ತಿರುವವರೇ ನಮಗೆ ಧೈರ್ಯ ಹೇಳಬೇಕಾಗುತ್ತದೆ, ಅದನ್ನು ನಾನು ಒಪ್ಪಲಾರೆ.

ತಿದ್ದುಪಡಿಯನ್ನು ಆತ ನನ್ನ ಎದುರೇ ಕಳಿಸಿದ. ಬಳಿಕ ಆಕೆಗೆ ಬರೆದದ್ದನ್ನು ತೋರಿಸಿದ: "ಉತ್ತರ ಬೇಡ. ಮುಂದಿನ ವಾರದ ವರದಿ ನಾನು ಮಾಡುತ್ತಿದ್ದೇನೆ, ವ್ಯವಸ್ಥಾಪಕರಿಗೆ ತಿಳಿಸಿದ್ದೇನೆ. ಮನೆ ಒಣಗಿಸಿಕೊಳ್ಳಿ."