ಏಳು ಜನ ಒಟ್ಟಿಗೆ ಹೋಗಿ ಒಟ್ಟಿಗೆ ಮುಗಿಸ್ಬಹುದಾ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಟ್ರಯಥ್ಲಾನ್ ಬಗ್ಗೆನೇ, ಅಂದ್ರೆ ಈಜು, ಸೈಕಲ್, ಓಟ ಮೂರನ್ನೂ ಒಂದಾದ ಮೇಲೊಂದು ಮುಗಿಸೋ ರೇಸು. ನಮ್ಮ ಹಾಸನ, ಚಿಕ್ಕಮಗಳೂರಲ್ಲಿ ಬೆಳಿಗ್ಗೆ ಐದೂವರೆಗೆ ಹಾಲಿನ ಗಾಡಿ ಬಿಟ್ರೆ ಈಗ ಸೈಕಲ್ ಲೈಟುಗಳೇ ಜಾಸ್ತಿ ಕಾಣ್ಸೋದು, ಹಂಗಾಗಿ ಆಶ್ಚರ್ಯ ಏನಿಲ್ಲ. ನಾಲ್ಕು ಪತ್ರ ಆರಿಸ್ಕೊಂಡಿದೀನಿ.

ಪ್ರಶ್ನೆ: ಸಾರ್, ನಾವು ಏಳು ಜನ ಸೇರಿ ಒಂದು ಸಣ್ಣ ಟ್ರಯಥ್ಲಾನ್ ಕ್ಲಬ್ ಮಾಡ್ಕೊಂಡಿದೀವಿ. ಒಬ್ರು ಹೈಸ್ಕೂಲ್ ಮೇಷ್ಟ್ರು, ಇಬ್ರು ಬ್ಯಾಂಕು, ಒಬ್ರು ಮೆಡಿಕಲ್ ಸ್ಟೋರು, ಉಳಿದೋರು ತೋಟ ನೋಡ್ಕೊಳ್ಳೋರು. ಗೋವಾದ ಐರನ್‌ಮ್ಯಾನ್ 70.3ಗೆ ಹೋಗಿ ಏಳೂ ಜನ ಕೈ ಕೈ ಹಿಡ್ಕೊಂಡು ಒಂದೇ ಸಲ ಫಿನಿಶ್ ಲೈನ್ ದಾಟ್ಬೇಕು ಅಂತ ಆಸೆ. ಆಗುತ್ತಾ?
(ಒಬ್ಬ ಓದುಗರು, ಹಾಸನ)

ಉತ್ತರ: ಆಸೆ ಚೆನ್ನಾಗಿದೆ ಕಣ್ರೀ, ಆದ್ರೆ ಫಿನಿಶ್ ಲೈನ್ ತನಕ ಬರೋದೇ ಬೇಡ, ಸೈಕಲ್ ಮೇಲೇನೇ ನೀವು ಚೆಲ್ಲಾಪಿಲ್ಲಿ ಆಗಿರ್ತೀರ. ಆಗ್ಲೇಬೇಕು ಕೂಡ, ಯಾಕಂದ್ರೆ ರೂಲ್ಸೇ ಹಂಗಿದೆ.

ಮೊದ್ಲು ಲೆಕ್ಕ ಹೇಳ್ತೀನಿ. 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ, ಎಲ್ಲಾ ಸೇರಿ 113, ಅದನ್ನೇ ಮೈಲಿಗೆ ಹಾಕಿದ್ರೆ 70.3, ಹೆಸರು ಬಂದಿರೋದು ಅದ್ರಿಂದ. ಸಾಮಾನ್ಯವಾಗಿ ಈಜಿಗೆ 1 ಗಂಟೆ 10 ನಿಮಿಷ, ಒಟ್ಟು ರೇಸಿಗೆ ಎಂಟೂವರೆ ಗಂಟೆ ಟೈಮು. ಎಂಟೂವರೆ ಗಂಟೆ ಅಂದ್ರೆ ಬೇಕಾದಷ್ಟಾಯ್ತು ಅನ್ಸುತ್ತೆ ಅಲ್ವಾ? 2024ರಲ್ಲಿ ನಮ್ಮ ಬೆಂಗಳೂರು ದಕ್ಷಿಣದ ಎಂಪಿ ತೇಜಸ್ವಿ ಸೂರ್ಯ ಗೋವಾದಲ್ಲಿ ಮುಗಿಸಿದ್ದು 8 ಗಂಟೆ 27 ನಿಮಿಷಕ್ಕೆ. ಮಧ್ಯೆ ಒಂದೇ ಒಂದು ಪಂಕ್ಚರ್ ಆಗಿದ್ರೂ ಕಥೆ ಮುಗೀತಿತ್ತು. ಇನ್ನು ಏಳು ಜನ ಒಬ್ರಿಗೊಬ್ರು ಕಾಯ್ಕೊಂಡು ನಿಂತ್ರೆ ಏಳು ಜನದ್ದೂ ಪಂಕ್ಚರ್ ಎಲ್ರಿಗೂ ಸೇರಿದಂಗೆ.

ಈಗ ಸೈಕಲ್ ವಿಷ್ಯ. ನೀವು ಬೇಲೂರು ರೋಡಲ್ಲಿ ಭಾನುವಾರ ಹೆಂಗೆ ಹೋಗ್ತೀರ ಅಂತ ನಂಗೊತ್ತು, ಗಟ್ಟಿ ಇರೋನು ಮುಂದೆ, ಅವನ ಹಿಂದೆ ಅಂಟ್ಕೊಂಡು ಉಳಿದೋರು, ಗಾಳಿ ಎಲ್ಲಾ ಅವನಿಗೆ ಆರಾಮೆಲ್ಲಾ ನಿಮಗೆ. ಇದನ್ನ ಡ್ರಾಫ್ಟಿಂಗ್ ಅಂತಾರೆ, ರೇಸಲ್ಲಿ ಇದು ಪೂರಾ ನಿಷಿದ್ಧ. ಮುಂದಿನ ಸೈಕಲ್ಲಿಗೂ ನಿಮಗೂ 12 ಮೀಟರ್ ಅಂತರ ಇರ್ಬೇಕು, ಅದರೊಳಗೆ ನುಗ್ಗಿದ್ರೆ 25 ಸೆಕೆಂಡಲ್ಲಿ ಓವರ್‌ಟೇಕ್ ಮಾಡಿ ಮುಗಿಸ್ಬೇಕು, ಇಲ್ದಿದ್ರೆ ಪೆನಾಲ್ಟಿ ಟೆಂಟಲ್ಲಿ 5 ನಿಮಿಷ ಕೂರಿಸ್ತಾರೆ. ಪಕ್ಕಪಕ್ಕ ಮಾತಾಡ್ಕೊಂಡು ಹೋಗೋದಂತೂ ಇಲ್ವೇ ಇಲ್ಲ. ಕೆಲವ್ರು ಕೋಪ ಮಾಡ್ಕೋತಾರೆ ಇದಕ್ಕೆ, ನನಗೇನೋ ಇದು ನ್ಯಾಯ ಅನ್ಸುತ್ತೆ, 90 ಕಿಲೋಮೀಟರ್ ನಿಮ್ಮ ಕಾಲಲ್ಲೇ ತುಳಿದಿದ್ದು ಅಂತ ಹೇಳ್ಕೋಬಹುದು.

ಓಟದಲ್ಲಿ ಪರವಾಗಿಲ್ಲ. ಇಬ್ರೂ ರೇಸಲ್ಲಿರೋರೇ ಆದ್ರೆ ಜೊತೇಲಿ ಓಡ್ಬಹುದು, ಆದ್ರೆ ರೇಸಲ್ಲಿ ಇಲ್ದಿರೋ ಫ್ರೆಂಡು ಬಂದು ಪಕ್ಕದಲ್ಲಿ ಓಡಿ ಹುರಿದುಂಬ್ಸೋ ಹಾಗಿಲ್ಲ. ಇನ್ನು ಕೈ ಹಿಡ್ಕೊಳ್ಳೋದು. 2019ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್‌ಗೆ ಮುಂಚಿನ ಟೆಸ್ಟ್ ರೇಸಲ್ಲಿ ಬ್ರಿಟನ್ನಿನ ಜೆಸ್ ಲಿಯರ್‌ಮಂತ್, ಜಾರ್ಜಿಯಾ ಟೇಲರ್ ಬ್ರೌನ್ ಇಬ್ರೂ ಮೊದಲನೇ ಎರಡನೇ ಜಾಗದಲ್ಲಿ ಬಂದು ಖುಷಿಗೆ ಕೈ ಕೈ ಹಿಡ್ಕೊಂಡೇ ಲೈನ್ ದಾಟಿದ್ರು, ಇಬ್ರನ್ನೂ ಡಿಸ್‌ಕ್ವಾಲಿಫೈ ಮಾಡಿದ್ರು! ಬೇಕಂತ ಟೈ ಮಾಡ್ಬಾರ್ದು ಅಂತ ರೂಲು, ಗೆಲುವು ಬರ್ಮುಡಾದ ಫ್ಲೋರಾ ಡಫಿಗೆ ಹೋಯ್ತು. ನಾವು ನೀವು ಪದಕಕ್ಕೆ ಓಡೋರಲ್ಲ ಬಿಡಿ, ಆದ್ರೂ ಹಿಂದಿನ ದಿನ ರೇಸ್ ಬ್ರೀಫಿಂಗಲ್ಲಿ ಕೈ ಎತ್ತಿ ಕೇಳಿ, ನಾಚ್ಕೋಬೇಡಿ.

ನನ್ನದೇ ಒಂದು ಹೇಳ್ತೀನಿ. ನಾನು ನನ್ನ ಫ್ರೆಂಡು ಇಬ್ರೂ ಓಟ ಒಟ್ಟಿಗೆ ಶುರು ಮಾಡೋಣ ಅಂತ ಮಾತಾಡ್ಕೊಂಡಿದ್ವಿ. ಸೈಕಲ್ ಇಟ್ಟು ಶೂ ಹಾಕ್ಕೊಂಡು ಟ್ರಾನ್ಸಿಷನ್ನಲ್ಲಿ, ಅಂದ್ರೆ ಸೈಕಲ್ ಇಟ್ಟು ಓಟಕ್ಕೆ ಹೊರಡೋ ಜಾಗದಲ್ಲಿ, ನಿಂತೆ, ನಿಂತೆ, ಹನ್ನೊಂದು ನಿಮಿಷ ನಿಂತೆ, ಬರೋರೆಲ್ಲರ ಮುಖ ನೋಡ್ತಾ. ಏನಾಯ್ತೋ ಬಿದ್ನೋ ಅಂತ ಹೊಟ್ಟೇಲಿ ಸಂಕಟ ಬೇರೆ. ಕೊನೆಗೆ ಹೊರಟೆ. ಫಿನಿಶಲ್ಲಿ ನೋಡಿದ್ರೆ ಮಹಾನುಭಾವ ಕಲ್ಲಂಗಡಿ ತಿಂತಾ ಕೂತಿದಾನೆ, ನನಗಿಂತ ಮುಂಚೆನೇ ಸೈಕಲ್ ಮುಗಿಸಿ ಹೋಗ್ಬಿಟ್ಟಿದ್ನಂತೆ, "ಎಲ್ಲೋಗಿದ್ಯೋ ಇಷ್ಟೊತ್ತು?" ಅಂತಾನೆ.

ಅದಕ್ಕೇ ಹೇಳೋದು, ಒಟ್ಟಿಗೆ ಅನ್ನೋದನ್ನ ರೇಸ್ ದಿನಕ್ಕೆ ಇಟ್ಕೋಬೇಡಿ, ಅದರ ಹಿಂದಿನ ಆರು ತಿಂಗಳಿಗೆ ಇಟ್ಕೊಳ್ಳಿ. ನಿಮ್ಮ ಏಳು ಜನದಲ್ಲಿ ಯಾವುದ್ರಲ್ಲಿ ಯಾರು ಹಿಂದೆ ಅಂತ ಈಗ್ಲೇ ನೋಡಿ. ಈಜಲ್ಲಿ ಮೆಡಿಕಲ್ ಸ್ಟೋರಿನೋರು ಹಿಂದೆ ಅಂದ್ಕೊಳ್ಳಿ, ಅಂಗಡಿ ಬಾಗಿಲು ಹಾಕೋದು ರಾತ್ರಿ ಹತ್ತಕ್ಕೆ, ಬೆಳಿಗ್ಗೆ ಐದಕ್ಕೆ ಪೂಲಿಗೆ ಬಾ ಅಂದ್ರೆ ಎಲ್ಲಿಂದ ಬರ್ತಾರೆ? ಅವರಿಗೆ ಹೊಂದೋ ಟೈಮಿಗೆ ಉಳಿದೋರು ಹೋಗಿ. ಸೈಕಲ್ಲಿಗೆ ಹಾಸನದೋರಿಗೆ ದೇವ್ರು ಕೊಟ್ಟ ಕೋರ್ಸೇ ಇದೆ, ಹಾಸನದಿಂದ ಹಳೇಬೀಡು, ಅಲ್ಲಿಂದ ಬೇಲೂರು, ಬೇಲೂರಿಂದ ವಾಪಸ್ ಹಾಸನ, ಮೂರು ಮೂಲೆ ಸುತ್ತಿದ್ರೆ ಹತ್ತಿರ ಹತ್ತಿರ 90 ಆಗುತ್ತೆ. ತಿಂಗಳಿಗೆರಡು ಸಲ ಸುತ್ತಿ, ಒಂದು ಸಲ 12 ಮೀಟರ್ ಅಂತರ ಇಟ್ಕೊಂಡೇ ಸುತ್ತಿ, ಆಗ ಗೊತ್ತಾಗುತ್ತೆ ಒಬ್ಬೊಬ್ರ ನಿಜವಾದ ಸ್ಪೀಡು. ರೋಡಲ್ಲಿ ಹಂಪ್ಸ್ ಮೇಲೆ ಕಣ್ಣಿರ್ಲಿ, ಊರೊಳಗೆ ಬಂದಾಗ ಬಣ್ಣ ಹೋಗಿರೋ ಹಂಪ್ಸ್ ಕಾಣೋದೇ ಇಲ್ಲ.

ಇನ್ನೊಂದು, ರೇಸಲ್ಲಿ ಒಬ್ರಿಗೊಬ್ರು ಟ್ಯೂಬು, ಪಂಪು, ಜೆಲ್ಲು (ಶಕ್ತಿಗೆ ಅಂತ ಪ್ಯಾಕೆಟ್ಟಲ್ಲಿ ಬರೋ ಸಿಹಿ ಪೇಸ್ಟು) ಕೊಡ್ಬಹುದು, ರೂಲ್ಸ್ ಒಪ್ಪುತ್ತೆ. ಆದ್ರೆ ನಿಮ್ಮ ವೀಲೇ ಬಿಚ್ಚಿ ಕೊಟ್ಟು ನೀವು ರೋಡ್ ಪಕ್ಕ ಕೂರೋ ಸ್ನೇಹ ಒಪ್ಪಲ್ಲ. ಮೊದಲು ಮುಗಿಸಿದೋನು ಹೋಟೆಲಿಗೆ ಓಡ್ಬಾರ್ದು, ಕೊನೆಯೋನು ಬರೋ ತನಕ ಅಲ್ಲೇ ಇರ್ಬೇಕು, ಒಣಗಿದ ಟವಲ್ಲು ಓಆರ್‌ಎಸ್ಸು ಹಿಡ್ಕೊಂಡು. ಏಳರಲ್ಲಿ ಒಬ್ರೋ ಇಬ್ರೋ ಕಟ್ ಆಫ್ ಒಳಗೆ ಬರ್ದೇ ಇರ್ಬಹುದು, ಅದಕ್ಕೂ ಮನಸ್ಸು ಗಟ್ಟಿ ಮಾಡ್ಕೊಂಡು ಹೋಗಿ. 1978ರಲ್ಲಿ ಹವಾಯಿಯಲ್ಲಿ ಮೊಟ್ಟಮೊದಲ ಐರನ್‌ಮ್ಯಾನ್ ನಡೆದಾಗ ಹೊರಟಿದ್ದು 15 ಜನ, ಮುಗಿಸಿದ್ದು 12.

ಪ್ರಶ್ನೆ: ಕೈಮರದಿಂದ ಮುಳ್ಳಯ್ಯನಗಿರಿಗೆ ಸೈಕಲ್ ಹತ್ತಿಸ್ತೀನಿ, ಕಾಲಿಗೇನೂ ತೊಂದ್ರೆ ಇಲ್ಲ. ನೀರು ಅಂದ್ರೆ ಮಾತ್ರ ಎದೆ ಡವಡವ. ಪೂಲಲ್ಲಿ 500 ಮೀಟರ್ ಬರುತ್ತೆ, ಮುಂದಿನ ಪ್ರಾಕ್ಟೀಸ್ ನಮ್ಮೂರ ಕೆರೇಲೇ ಮಾಡ್ಲಾ?
(ಓದುಗರು, ಚಿಕ್ಕಮಗಳೂರು)

ಉತ್ತರ: ಒಬ್ರೇ ಇಳೀಬೇಡಿ, ಇದು ಒಂದೇ ಮಾತು. ಕೆರೇಲಿ ಕೆಳಗೆ ಕೆಸರು, ಕಳೆ ಬಳ್ಳಿ, ಜೆಸಿಬಿ ಮಣ್ಣು ತೆಗೆದ ಗುಂಡಿ, ಎಲ್ಲಿ ಆಳ ಎಲ್ಲಿ ಇಲ್ಲ ಹೇಳೋಕಾಗಲ್ಲ. ಡ್ಯಾಮ್ ಹಿನ್ನೀರಂತೂ ನೋಡೋಕೆ ಶಾಂತ, ಪರ್ಮಿಷನ್ ಇಲ್ದೆ ಅಲ್ಲಿ ಇಳಿಯೋ ಯೋಚ್ನೆನೇ ಬೇಡ. ನಾವೆಲ್ಲಾ ಚಿಕ್ಕೋರಾಗಿದ್ದಾಗ ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಕೊಂಡು ತೋಟದ ಬಾವೀಲಿ ಕಲ್ತೋರು, ಮೇಲೆ ಅಪ್ಪ ಹಗ್ಗ ಹಿಡ್ಕೊಂಡು ನಿಂತಿರ್ತಿದ್ರು. ಈಗ ಆ ಬುರುಡೆ ಜಾಗಕ್ಕೆ ಬಣ್ಣದ ಟೋ ಫ್ಲೋಟ್ ಬಂದಿದೆ, ಸೊಂಟಕ್ಕೆ ಕಟ್ಕೋಬಹುದು, ಆದ್ರೆ ಹಗ್ಗ ಹಿಡಿಯೋ ಅಪ್ಪನ ಜಾಗ ಅದು ತುಂಬಲ್ಲ.

ನಿಮ್ಮ ಭಯದಲ್ಲಿ ಮುಕ್ಕಾಲು ಭಾಗ ಉಸಿರಿಂದು. ನೀರೊಳಗೆ ಮುಖ ಇದ್ದಾಗ ಉಸಿರು ಹಿಡ್ಕೊಂಡಿರ್ತೀರ, ಮೇಲೆ ಬಂದಾಗ ಬಿಟ್ಟು ಎಳ್ಕೊಳ್ಳೋದು ಎರಡೂ ಒಟ್ಟಿಗೆ ಆಗ್ಬೇಕು, ಆಗಲ್ಲ, ಗಾಬರಿ. ನೀರೊಳಗೇನೇ ಮೂಗು ಬಾಯಲ್ಲಿ ನಿಧಾನಕ್ಕೆ ಗುಳುಗುಳು ಅಂತ ಬಿಟ್ಬಿಡಿ, ಮೇಲೆ ಬಂದಾಗ ಎಳ್ಕೊಳ್ಳೋದೊಂದೇ ಕೆಲ್ಸ. ಆಮೇಲೆ ಆರೇಳು ಕೈ ಹಾಕಿದ್ಮೇಲೆ ಒಂದ್ಸಲ ಮೊಸಳೆ ಥರ ಕಣ್ಣು ಮಾತ್ರ ಮೇಲೆತ್ತಿ ಮುಂದಿನ ಬೋಯ್ (ದಾರಿ ತೋರ್ಸೋಕೆ ನೀರಲ್ಲಿ ತೇಲಿಬಿಟ್ಟಿರೋ ಗುರುತು) ಎಲ್ಲಿದೆ ನೋಡೋದು, ಇದನ್ನ ಪೂಲಲ್ಲೇ ಕಲೀಬಹುದು, ಸಮುದ್ರದ ತಳದಲ್ಲಿ ಕಪ್ಪು ಗೆರೆ ಇರಲ್ಲ ನೋಡಿ. ರೇಸಿಗೆ ಮುಂಚೆ ಎರಡು ಸಲನಾದ್ರೂ ಘಾಟಿ ಇಳ್ದು ಮಂಗಳೂರು ಕಡೆ ಪಣಂಬೂರೋ ತಣ್ಣೀರುಬಾವಿನೋ, ಲೈಫ್‌ಗಾರ್ಡ್ ಇರೋ ಹೊತ್ತಲ್ಲಿ, ಅಲೆ ತಣ್ಣಗಿರೋ ತಿಂಗಳಲ್ಲಿ, ಬಲ್ಲೋರ ಜೊತೆ ಉಪ್ಪು ನೀರು ಕುಡ್ದು ಬನ್ನಿ. ಉಪ್ಪು ನೀರು ಮೈಯನ್ನ ಸ್ವಲ್ಪ ಮೇಲೆತ್ತುತ್ತೆ, ಅದು ನಿಮ್ಗೆ ಲಾಭನೇ. ರೇಸಲ್ಲಿ ಸುಸ್ತಾದ್ರೆ ರಕ್ಷಣೆಗೆ ನಿಂತಿರೋ ಕಯಾಕ್ ಹಿಡ್ಕೊಂಡು ದಣಿವಾರಿಸ್ಕೋಬಹುದು, ಅದು ನಿಮ್ಮನ್ನ ಮುಂದಕ್ಕೆ ಎಳ್ಕೊಂಡು ಹೋಗದಿದ್ರೆ ತಪ್ಪೇನಿಲ್ಲ. ಇದು ಗೊತ್ತಿದ್ರೇನೇ ಅರ್ಧ ಭಯ ಇಳಿಯುತ್ತೆ. ಈ ವರ್ಷ ಆಗ್ಲೇ ಇಲ್ಲ ಅಂದ್ರೆ ರಿಲೇ ಟೀಮ್ ಮಾಡಿ, ಈಜು ಬಲ್ಲೋರು ಈಜ್ಲಿ, ಸೈಕಲ್ ನಿಮ್ಮದು.

ಪ್ರಶ್ನೆ: ಜೆಲ್ ಕಂಡ್ರೆ ವಾಕರಿಕೆ. ಮುದ್ದೆ ತಿಂದು ರೇಸಿಗಿಳೀಬಹುದಾ?
(ಓದುಗರು, ಹೊಳೆನರಸೀಪುರ)

ಉತ್ತರ: ಹಿಂದಿನ ದಿನ ಮಧ್ಯಾಹ್ನ ತಿನ್ನಿ, ಯಾರು ಬೇಡ ಅಂದ್ರು. ರೇಸ್ ದಿನ ಬೆಳಿಗ್ಗೆ ಬೇಡ, ನಾರಿನಂಶ ಜಾಸ್ತಿ, ಕಲ್ಲಿನ ಥರ ಕೂತಿರುತ್ತೆ. ಬೆಳಿಗ್ಗೆ ಇಡ್ಲಿ, ಬಾಳೆಹಣ್ಣು ಸಾಕು. ಸೈಕಲ್ ಮೇಲೆ ಗಂಟೆಗೆ 60 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್ ಹೋಗ್ತಿರ್ಬೇಕು, ಎರಡು ಬಾಳೆಹಣ್ಣು ಒಂದು ಸಣ್ಣ ತುಂಡು ಬೆಲ್ಲ ಅಂದ್ರೆ ಹೆಚ್ಚೂ ಕಮ್ಮಿ ಅಷ್ಟಾಯ್ತು. ಏನೇ ತಿನ್ನಿ, ಮೊದಲು ಟ್ರೇನಿಂಗಲ್ಲಿ ತಿಂದು ಹೊಟ್ಟೆ ಒಪ್ಪಿರ್ಬೇಕು.

ಅದಕ್ಕಿಂತ ದೊಡ್ಡ ವಿಷ್ಯ ಬೆವರು. ನಮ್ಮ ಹಾಸನ ಇರೋದು ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಹತ್ತಿರದಲ್ಲಿ, ಬೆವರು ಬಂದ ಹಾಗೇ ಆರಿ ಹೋಗುತ್ತೆ. ಗೋವಾದಲ್ಲಿ ಗಾಳಿ ತುಂಬಾ ನೀರೇ, ಬೆವರು ಆರಲ್ಲ, ಸುರಿಯುತ್ತೆ, ಮೈ ತಣ್ಣಗಾಗಲ್ಲ. ಆ ಸೆಕೆಗೆ ಮೈ ಒಗ್ಗೋಕೆ 10ರಿಂದ 14 ದಿನ ಬೇಕು, ಅಷ್ಟು ರಜೆ ಯಾರು ಕೊಡ್ತಾರೆ, ಅದಕ್ಕೆ ಕೊನೇ ಎರಡು ವಾರ ಇಲ್ಲೇ ಮಧ್ಯಾಹ್ನದ ಬಿಸಿಲಲ್ಲಿ, ಜೊತೇಲಿ ಯಾರಾದ್ರೂ ಇರೋವಾಗ, ಸ್ವಲ್ಪ ಸ್ವಲ್ಪ ಓಡಿ. ರೇಸಲ್ಲಿ ಬಾಯಾರಿಕೆ ಅಂತ ಬರೀ ನೀರನ್ನೇ ಲೀಟರ್‌ಗಟ್ಲೆ ಕುಡೀಬೇಡಿ, ರಕ್ತದಲ್ಲಿ ಸೋಡಿಯಂ ಇಳಿದು ತಲೆ ತಿರುಗಿ ವಾಂತಿ ಆಗುತ್ತೆ, ಜೀವಕ್ಕೂ ಅಪಾಯ. ಒಂದು ಲೀಟರ್‌ಗೆ ಒಂದು ಓಆರ್‌ಎಸ್ ಪ್ಯಾಕೆಟ್ ಅಂತ ಬರ್ದಿದ್ರೆ ಪೂರಾ ಒಂದು ಲೀಟರ್‌ಗೇ ಹಾಕಿ, ಸಣ್ಣ ಬಾಟ್ಲಿಗೆ ಗಟ್ಟಿಯಾಗಿ ಕದಡ್ಬೇಡಿ. ಬಿಪಿ ಶುಗರ್ ಇರೋರು ಡಾಕ್ಟ್ರನ್ನ ಕೇಳ್ದೆ ಇದ್ಯಾವುದನ್ನೂ ಮಾಡ್ಬೇಡಿ.

ಪ್ರಶ್ನೆ: ನಮ್ಮೆಜಮಾನ್ರು ಭಾನುವಾರ ನಾಲ್ಕಕ್ಕೇ ಎದ್ದು ಕ್ಲಬ್ಬಿನೋರ ಜೊತೆ ಹೋಗ್ತಾರೆ, ಬಂದು ಸಂಜೆ ತನಕ ಮಲಗ್ತಾರೆ. ಮನೆ ಕೆಲ್ಸ ಎಲ್ಲಾ ನಂದೇ. ಗೋವಾಗೆ ನಾನೂ ಬರ್ತೀನಿ ಅಂದ್ರೆ "ಅಲ್ಲಿ ನಿಂಗೇನು ಕೆಲ್ಸ" ಅಂತಾರೆ.
(ಓದುಗರು, ಅರಸೀಕೆರೆ)

ಉತ್ತರ: ಮೇಡಂ, ಆರು ತಿಂಗಳು ಅವರ ಬೆವರು ಬಟ್ಟೆ ಒಗ್ದಿರೋದು ನೀವು, ಕೆಲ್ಸ ಏನು ಅಂತ ಕೇಳೋಕೆ ಅವರಿಗೆ ಬಾಯಾದ್ರೂ ಹೆಂಗೆ ಬಂತೋ. ಟಿಕೆಟ್ ಮಾಡ್ಸಿ ಹೊರಡಿ, ಮಕ್ಕಳನ್ನೂ ಕರ್ಕೊಳ್ಳಿ. ಭಾನುವಾರದ ಸಂಜೆ ನಿದ್ದೆಗೆ ಒಂದು ಗಂಟೆ ಸಾಕು, ಉಳಿದ ಹೊತ್ತು ತರಕಾರಿ ಹೆಚ್ಲಿ, ಅದೂ ರಿಕವರಿನೇ. ಅಲ್ಲಿ ರೋಡ್ ಪಕ್ಕ ನಿಂತ್ಕೊಂಡು ಎಷ್ಟು ಬೇಕಾದ್ರೂ ಕೂಗಿ. ಒಂದೇ ಹುಷಾರು, ಹೊರಗಿನೋರ ಸಹಾಯ ತಗೊಂಡ್ರೆ ರೂಲ್ಸ್ ಪ್ರಕಾರ ತಪ್ಪು, ಓಡ್ತಾ ಬಂದು "ಲೇ ಸ್ವಲ್ಪ ನೀರು ಕೊಡೇ" ಅಂತ ಕೈ ಚಾಚಿದ್ರೂ ಕೊಡ್ಬೇಡಿ, ಮುಂದೆ ಏಡ್ ಸ್ಟೇಷನ್ ಇದೆ ಅಲ್ಲಿ ಕುಡೀರಿ ಅಂತ ಕೈ ತೋರ್ಸಿ ಕಳ್ಸಿ.