ಇನ್ನೊಂದು ಬಿಎ ಬೇಡ, ಬಯೋಡಾಟಾ ತಿದ್ದು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಹುಡುಗಿಯೊಬ್ಬಳು ‘ಅಕ್ಕಾ’ ಎಂದು ಕರೆದು ಪತ್ರ ಬರೆದಿದ್ದಾಳೆ. ಓದಿ ಸಿಟ್ಟು ಬಂತು. ಅವಳ ಮೇಲಲ್ಲ, ಅವಳ ಮಾವನ ಮೇಲೆ.

ವಿಷಯ ಇಷ್ಟು. ಬಿಎ ಹಿಸ್ಟರಿ ಮುಗಿಸಿ ಎರಡು ವರ್ಷವಾಯಿತು. ಮಂಗಳೂರಿನಲ್ಲಿ ಎರಡು ಇಂಟರ್‌ವ್ಯೂ ಕೊಟ್ಟಳು, ಎರಡೂ ಆಗಲಿಲ್ಲ. ‘ಹಿಸ್ಟರಿ ಓದಿದವರಿಗೆ ನಮ್ಮಲ್ಲೇನು ಕೆಲಸ?’ ಎಂದು ಒಬ್ಬರು ಕೇಳಿದಾಗ ಉತ್ತರವೇ ಹೊಳೆಯಲಿಲ್ಲವಂತೆ. ಬೆಂಗಳೂರಿನ ಸೋದರಮಾವ ಈಗ ಹೊಸ ರಾಗ ತೆಗೆದಿದ್ದಾರೆ. ಅಂಚೆ ಶಿಕ್ಷಣದಲ್ಲಿ ಇನ್ನೊಂದು ಬಿಎ ಮಾಡು, ಇಂಗ್ಲಿಷ್ ತೆಗೆದುಕೊ, ಫೀಸು ನಾನು ಕಟ್ಟುತ್ತೇನೆ ಎಂದು. ‘ಯಾವ ಡಿಗ್ರಿಗೆ ಬೆಲೆ ಅಕ್ಕಾ?’ ಇದು ಅವಳ ಪ್ರಶ್ನೆ.

ತಂಗೀ, ನಿನ್ನ ಪತ್ರದ ಕೊನೆಯಲ್ಲಿ ಒಂದು ಸಾಲಿದೆ. ‘ಸದ್ಯಕ್ಕೆ ಅಕ್ಷಯ ಕೇಂದ್ರದಲ್ಲಿ ಸುಮ್ನೆ ಕೂರುತ್ತಿದ್ದೇನೆ, ಬಂದವರಿಗೆ ಮಲಯಾಳ ಫಾರ್ಮು ತುಂಬಿಸಿ ಕೊಡುವುದು ಅಷ್ಟೇ.’ ಅಷ್ಟೇನಾ? ಕೇರಳದಲ್ಲಿ ಸರ್ಕಾರಿ ಅರ್ಜಿಗಳನ್ನು ಹಾಕಲು ಜನ ಬರುವ ಕೇಂದ್ರ ಅದು. ಪಿಂಚಣಿ ನಿಂತುಹೋದ ಅಜ್ಜಿ ತುಳುವಿನಲ್ಲಿ ಹೇಳಿದ್ದನ್ನು ಕೇಳಿ, ಕಚೇರಿಗೆ ಬೇಕಾದ ಹಾಗೆ ಮಲಯಾಳದಲ್ಲಿ ಬರೆಯುವವಳು ನೀನು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಅದಕ್ಕೂ ಹಿಂದಿನ ಜಾಗದ ಪತ್ರ ಕನ್ನಡದಲ್ಲಿ, ಇವತ್ತಿನ ಅರ್ಜಿ ಮಲಯಾಳದಲ್ಲಿ. ಎರಡನ್ನೂ ಪಕ್ಕದಲ್ಲಿಟ್ಟು ಹೆಸರು, ತಾರೀಖು ತಾಳೆ ನೋಡಬೇಕಾದರೆ ಬೇಕಾಗುವುದು ಹಿಸ್ಟರಿ ಕ್ಲಾಸಿನಲ್ಲಿ ಕಲಿತ ಬುದ್ಧಿಯೇ ಅಲ್ವಾ? ಇಂಟರ್‌ವ್ಯೂನಲ್ಲಿ ಕೇಳಿದ ಪ್ರಶ್ನೆಗೆ ಇದೇ ಉತ್ತರ ಆಗಿತ್ತು. ಬಯೋಡಾಟಾದಲ್ಲಿ ಈ ಕೆಲಸದ ಸುದ್ದಿಯೇ ಇಲ್ಲ ಎಂದೂ ಬರೆದಿದ್ದೀಯ. ಅದನ್ನು ಓದಿ ಹಣೆ ಚಚ್ಚಿಕೊಂಡೆ.

ಈಗ ಡಿಗ್ರಿಗಳ ವಿಷಯ. ಕೆಲವು ಕಡೆ ವಿಷಯ ನೋಡಿಯೇ ತೆಗೆದುಕೊಳ್ಳುತ್ತಾರೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಲು ಕನ್ನಡದ ಡಿಗ್ರಿ ಬೇಕು, ಸಮಾಜ ಪಾಠಕ್ಕೆ ಹಿಸ್ಟರಿಯಂಥದ್ದು ನಡೆಯುತ್ತದೆ. ಎರಡಕ್ಕೂ ಬಿ.ಎಡ್., ಕೆ-ಟೆಟ್ (ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ) ಬೇಕು. ಸೈಕಾಲಜಿಯಲ್ಲಿ ಬರೀ ಬಿಎ ಇಟ್ಟುಕೊಂಡು ಕೌನ್ಸೆಲರ್ ಆಗುವುದು ಕಷ್ಟ, ಎಂಎ ಕೇಳುತ್ತಾರೆ. ಎಕನಾಮಿಕ್ಸ್ ಎಂದರೆ ಲೆಕ್ಕ ಬರುತ್ತದೆ ಎಂದು ಕಂಪನಿಗಳು ಸ್ವಲ್ಪ ಜಾಸ್ತಿ ಮಣೆ ಹಾಕುತ್ತವೆ. ಬಿಎ ಇಂಗ್ಲಿಷ್ ಎಂದರೆ ಚೆನ್ನಾಗಿ ಮಾತಾಡುತ್ತಾರೆ, ಬರೆಯುತ್ತಾರೆ ಎಂದು ಅಂದುಕೊಳ್ಳುತ್ತಾರೆ. ಬಾಯಿ ತೆರೆದ ಐದು ನಿಮಿಷದಲ್ಲಿ ಅದು ಸರಿಯೋ ತಪ್ಪೋ ಗೊತ್ತಾಗಿಬಿಡುತ್ತದೆ. ಮಾವನ ಲೆಕ್ಕ ತಪ್ಪುವುದು ಇಲ್ಲೇ. ಮಾತಾಡುವ ಇಂಗ್ಲಿಷ್ ಬೇಕಾದರೆ ಮಾತಾಡಿಯೇ ಕಲಿಯಬೇಕು. ಅದಕ್ಕೆ ಮೂರು ವರ್ಷ ಹಳೆಯ ನಾಟಕ, ಕವಿತೆಗಳ ಪರೀಕ್ಷೆ ಬರೆಯಬೇಕಾಗಿಲ್ಲ.

ಉಳಿದ ಕಡೆ ಯಾವ ಬಿಎ ಆದರೂ ಒಂದೇ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಯಾವುದೇ ಡಿಗ್ರಿ ಸಾಕು, ಆದರೆ ಅರ್ಜಿ ಹಾಕಿದ ರಾಜ್ಯದ ಭಾಷೆ ಬರಬೇಕು. ಕರ್ನಾಟಕಕ್ಕೆ ಹಾಕಿದರೆ ಕನ್ನಡ, ಕೇರಳಕ್ಕೆ ಹಾಕಿದರೆ ಮಲಯಾಳ. ನೀನು ಎಲ್ಲಿಗೆ ಬೇಕಾದರೂ ಹಾಕಬಹುದು. ನಮ್ಮ ಜಿಲ್ಲೆಯಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಕೇರಳದ ಲೋಕಸೇವಾ ಆಯೋಗ, ಅಂದರೆ ಪಿಎಸ್‌ಸಿ, ಕ್ಲರ್ಕ್ ಹುದ್ದೆಗಳನ್ನು ಕರೆಯುತ್ತದೆ. ಕನ್ನಡ ಮಾಧ್ಯಮದ ಶಾಲೆಗಳಿಗೂ ಬೇರೆಯಾಗಿಯೇ ಕರೆಯುತ್ತದೆ. ಬೆಂಗಳೂರಿನಲ್ಲಿ ಕೂತ ಮಾವನಿಗೆ ಇದು ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದ ಮೇಲೆ ಸುಮ್ನಿರಬಹುದಿತ್ತು. ಹುಡುಗಿಯರ ಓದು, ಮದುವೆ ಎರಡರಲ್ಲೂ ದುಡ್ಡು ಕೊಡುತ್ತೇನೆ ಎಂದವರೇ ತೀರ್ಮಾನ ಮಾಡುವ ಈ ಚಾಳಿಯ ಬಗ್ಗೆ ಇದೇ ಅಂಕಣದಲ್ಲಿ ಎಷ್ಟು ಸಲ ಬೈದಿದ್ದೇನೋ, ಇನ್ನೂ ಬೈಯುತ್ತೇನೆ.

ನೀನು ಮಾಡಬೇಕಾದ್ದು ಒಂದೇ ಕೆಲಸ. ಈ ಭಾನುವಾರದೊಳಗೆ ಬಯೋಡಾಟಾ ಹೊಸದಾಗಿ ಬರೆ, ಒಂದೇ ಪುಟ. ಮೇಲೆ ಅಕ್ಷಯ ಕೇಂದ್ರದ ಕೆಲಸ ಬರಲಿ: ಯಾವ್ಯಾವ ಅರ್ಜಿ, ದಿನಕ್ಕೆ ಸುಮಾರು ಎಷ್ಟು ಜನ, ಯಾವ ಭಾಷೆಯಿಂದ ಯಾವ ಭಾಷೆಗೆ. ಆಮೇಲೆ ಭಾಷೆಗಳು, ಓದಲು, ಬರೆಯಲು, ಮಾತಾಡಲು ಯಾವುದು ಎಷ್ಟು ಬರುತ್ತದೆ ಎಂದು ಬೇರೆ ಬೇರೆಯಾಗಿ. ಬಿಎ ಹಿಸ್ಟರಿ ಅದರ ಕೆಳಗೆ ಇರಲಿ. ‘ಸುಮ್ನೆ’, ‘ಅಷ್ಟೇ’ ಎರಡೂ ಎಲ್ಲಿಯೂ ಕಾಣಬಾರದು.

ಮಾವ ಫೀಸಿನ ಮಾತೆತ್ತಿದರೆ, ಪಾಠ ಮಾಡುವ ಆಸೆ ನಿನಗೆ ನಿಜಕ್ಕೂ ಇದ್ದರೆ, ಅದೇ ದುಡ್ಡು ಬಿ.ಎಡ್.ಗೆ ಕೊಡುತ್ತೀರಾ ಎಂದು ಕೇಳು. ಏನು ಹೇಳಿದರೆಂದು ನನಗೂ ಬರೆ.