ಲ್ಯಾಬ್ ಇಲ್ಲದೆ ಕ್ರೀಡಾ ವಿಜ್ಞಾನದ ಪ್ರಾಜೆಕ್ಟ್: 14 ಆಟಗಾರರು, ಒಂದು ಫೋನು

ನಿಮ್ಮ ಕೈಯಲ್ಲಿರುವುದು ಕಾಲೇಜು ವಾಲಿಬಾಲ್ ತಂಡದ 14 ಹುಡುಗರು, ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ಬರುವ ಫೋನು, ಮೂರು ತಿಂಗಳು. ಆಟಕ್ಕೆ ಮುಂಚೆ 30 ಸೆಕೆಂಡ್ ಸ್ಟ್ಯಾಟಿಕ್ ಸ್ಟ್ರೆಚಿಂಗ್ (ಸ್ನಾಯುವನ್ನು ಎಳೆದು ಅಲುಗಾಡದೆ ಹಿಡಿಯುವುದು) ಮಾಡಿದರೆ ಜಿಗಿತ ತಗ್ಗುತ್ತದೆಯೇ ಎಂದು ನೋಡಬಹುದಾ ಅಂತ ಕೇಳಿದ್ದೀರಿ. ಫೋನು ಸಾಕು. ಆ ಪ್ರಶ್ನೆಗೆ 14 ಜನ ಸಾಲದು.

ಒಂದು ಸ್ನಾಯುಗುಂಪಿಗೆ 60 ಸೆಕೆಂಡಿಗಿಂತ ಕಡಿಮೆ ಸ್ಟ್ರೆಚ್ ಮಾಡಿದಾಗ ಕಂಡುಬಂದಿರುವ ಇಳಿಕೆ ಸರಾಸರಿ ಶೇ. 1–2 ಅಷ್ಟೇ. 35 ಸೆಂ.ಮೀ. ಜಿಗಿಯುವವನಿಗೆ ಅದು ಅರ್ಧ ಸೆಂಟಿಮೀಟರ್. ಅದೇ ಹುಡುಗ ಯಾವ ಬದಲಾವಣೆಯೂ ಇಲ್ಲದೆ ಸೋಮವಾರಕ್ಕೂ ಬುಧವಾರಕ್ಕೂ ಅದಕ್ಕಿಂತ ಹೆಚ್ಚು ಏರುಪೇರಾಗುತ್ತಾನೆ. ಎರಡು ದಿನಗಳ ವ್ಯತ್ಯಾಸದ ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 2 ಸೆಂ.ಮೀ. ಎಂದಿಟ್ಟುಕೊಂಡರೆ, ಅರ್ಧ ಸೆಂಟಿಮೀಟರ್ ಹಿಡಿಯಲು ಸುಮಾರು 125 ಜನ ಬೇಕು (ಶೇ. 80 ಪವರ್, ಅಂದರೆ ನಿಜವಾದ ವ್ಯತ್ಯಾಸ ಹತ್ತರಲ್ಲಿ ಎಂಟು ಸಲ ಸಿಗಬೇಕು; 0.05 ಮಟ್ಟ, ಅಂದರೆ ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ತಪ್ಪು ನೂರರಲ್ಲಿ ಐದು ಸಲ ಮಾತ್ರ). 14 ಜನರಲ್ಲಿ 1.6 ಸೆಂ.ಮೀ.ಗಿಂತ ಚಿಕ್ಕದು ಸಿಗುವ ಭರವಸೆ ಇಲ್ಲ. ಕೊನೆಗೆ ‘ವ್ಯತ್ಯಾಸ ಕಂಡುಬಂದಿಲ್ಲ’ ಎಂದು ಬರೆಯುತ್ತೀರಿ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ನಾನಾದರೆ ಅಳತೆಯನ್ನೇ ಪ್ರಶ್ನೆ ಮಾಡಿಕೊಳ್ಳುತ್ತೇನೆ: ನಿಂತು ಕೈ ಮುಟ್ಟುವಲ್ಲಿಗೂ ಜಿಗಿದು ಮುಟ್ಟುವಲ್ಲಿಗೂ ಗೋಡೆಗೆ ಸುಣ್ಣದ ಗುರುತು ಹಾಕಿ ನಡುವಿನ ಅಂತರ ಅಳೆಯುವ ಹಳೆಯ ವಿಧಾನಕ್ಕೂ ಫೋನಿನ ಅಳತೆಗೂ ಎಷ್ಟು ಹೊಂದುತ್ತದೆ? ಒಂದೇ ಜಿಗಿತವನ್ನು ಎರಡು ರೀತಿಯಲ್ಲಿ ಅಳೆಯುವುದರಿಂದ ಹುಡುಗರ ಏರುಪೇರು ಅಡ್ಡ ಬರುವುದಿಲ್ಲ.

ಫೋನಿನ ಸೂತ್ರ ಸರಳ: ಎತ್ತರ = 9.81 × ಗಾಳಿಯಲ್ಲಿದ್ದ ಸಮಯದ ವರ್ಗ ÷ 8. ಅರ್ಧ ಸೆಕೆಂಡ್ ಗಾಳಿಯಲ್ಲಿದ್ದರೆ 30.7 ಸೆಂ.ಮೀ. ಅಲ್ಲಿ ಒಂದು ಫ್ರೇಮ್ ತಪ್ಪಿದರೆ 240ರಲ್ಲಿ ಅರ್ಧ ಸೆಂ.ಮೀ. ಹೋಗುತ್ತದೆ, ಸಾಮಾನ್ಯ 30 ಫ್ರೇಮ್ ವಿಡಿಯೊದಲ್ಲಾದರೆ 4 ಸೆಂ.ಮೀ.! ಸಮಯವನ್ನು ವಿಡಿಯೊ ಪ್ಲೇಯರ್‌ನ ಗಡಿಯಾರದಿಂದ ತೆಗೆದುಕೊಳ್ಳಬೇಡಿ, ಹಲವು ಫೋನುಗಳು ಫೈಲನ್ನು ಎಂಟು ಪಟ್ಟು ಹಿಗ್ಗಿಸಿ ಉಳಿಸುತ್ತವೆ. ಫ್ರೇಮ್ ಎಣಿಸಿ 240ರಿಂದ ಭಾಗಿಸಿ. ಉಚಿತ ಕಿನೋವಿಯಾ ತಂತ್ರಾಂಶ ಇದಕ್ಕೆ ಸಾಕು. ಮೊದಲು ಫೋನನ್ನೇ ಪರೀಕ್ಷಿಸಿ: 1 ಮೀಟರ್ ಎತ್ತರದಿಂದ ಬಿಟ್ಟ ಕ್ರಿಕೆಟ್ ಚೆಂಡು ನೆಲ ಮುಟ್ಟಲು ಸುಮಾರು 108 ಫ್ರೇಮ್ ಆಗಬೇಕು. ಬೀಳುತ್ತಿರುವ ಚೆಂಡು ಪಕ್ಕಪಕ್ಕದ ಫ್ರೇಮ್‌ಗಳಲ್ಲಿ ಇದ್ದಲ್ಲೇ ಇದ್ದರೆ ಅದು ಹುಸಿ 240, ಬೇರೆ ಫೋನು ಹುಡುಕಿ.

ಟ್ರೈಪಾಡನ್ನು ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ, ಆಟಗಾರನಿಂದ ಎರಡು ಮೀಟರ್ ದೂರದಲ್ಲಿಡಿ. ಕಾಲು ಚೆನ್ನಾಗಿ ಕಂಡರೆ ಸಾಕು, ಮುಖ ಬೇಡ. ಹಗಲು ಬೆಳಕಿನಲ್ಲೇ ಚಿತ್ರಿಸಿ. ನಮ್ಮ 50 ಹರ್ಟ್ಸ್ ಕರೆಂಟಿಗೆ ಎಷ್ಟೋ ಒಳಾಂಗಣ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕೆಲವು ಫ್ರೇಮ್ ಕಪ್ಪಾಗಿ ಕಾಲ್ಬೆರಳು ನೆಲ ಬಿಟ್ಟ ಗಳಿಗೆಯೇ ಕಾಣುವುದಿಲ್ಲ.

ಹೆಚ್ಚು ಮೋಸ ಆಗುವುದು ಇಳಿಯುವಾಗ. ಮಂಡಿ ಮಡಚಿಕೊಂಡು ಇಳಿದರೆ ಗಾಳಿಯಲ್ಲಿರುವ ಸಮಯ ಹೆಚ್ಚುತ್ತದೆ, ಜಿಗಿತ ಸುಳ್ಳೇ ಎತ್ತರವಾಗುತ್ತದೆ. ಕಾಲು ನೇರವಾಗಿಟ್ಟು ಬೆರಳ ಮೇಲೆ ಇಳಿದು ಆಮೇಲೆ ಬಗ್ಗಲು ಕಲಿಸಿ, ತಪ್ಪಿದ್ದನ್ನು ಆಗಲೇ ರದ್ದು ಮಾಡಿ ಮತ್ತೆ ಜಿಗಿಸಿ. ಗೋಡೆಯ ಕಡೆಯ ಮೋಸ ಬೇರೆ: ನಿಂತು ಕೈ ಎತ್ತುವಾಗ ಭುಜ ಸಡಿಲ ಬಿಟ್ಟರೆ ಆರಂಭದ ಗುರುತು ಕೆಳಗೆ ಬೀಳುತ್ತದೆ. ಹಿಮ್ಮಡಿ ನೆಲದ ಮೇಲಿರಲಿ, ಭುಜ ಪೂರ್ತಿ ಮೇಲಿರಲಿ.

ತಲಾ ಮೂರು ಜಿಗಿತ, ನಡುವೆ ಒಂದು ನಿಮಿಷ ವಿಶ್ರಾಂತಿ, 48 ಗಂಟೆ ಬಿಟ್ಟು ಅದೇ ಹೊತ್ತಿಗೆ ಇನ್ನೊಮ್ಮೆ: ಒಟ್ಟು 84 ವಿಡಿಯೊ. ಫ್ರೇಮ್ ಗುರುತಿಸುವವರಿಗೆ ಗೋಡೆಯ ಅಂಕಿ ಗೊತ್ತಿರಬಾರದು.

ಗೋಡೆಯ ಅಳತೆ ಹಲವು ಸೆಂಟಿಮೀಟರ್ ಹೆಚ್ಚೇ ಬರುತ್ತದೆ, ಗಾಬರಿ ಬೇಡ. ನೆಲ ಬಿಡುವ ಮೊದಲೇ ಹಿಮ್ಮಡಿ ಎದ್ದು ದೇಹ ಮೇಲೇರಿರುತ್ತದೆ, ಫೋನಿನ ಲೆಕ್ಕ ಬೆರಳು ನೆಲ ಬಿಟ್ಟ ಮೇಲೆ ಶುರುವಾಗುತ್ತದೆ. ಹಾಗಾಗಿ ಕೋರಿಲೇಷನ್ 0.9 ಬಂತೆಂದು ಹಿಗ್ಗಬೇಡಿ. ಎರಡು ಅಳತೆ ಒಟ್ಟಿಗೆ ಏರಿಳಿಯುತ್ತವೆ ಎಂದಷ್ಟೇ ಅದರ ಅರ್ಥ. ಪ್ರತಿ ಆಟಗಾರನ ಸರಾಸರಿ ತೆಗೆದು, ಬ್ಲಾಂಡ್–ಆಲ್ಟ್‌ಮನ್ ನಕ್ಷೆ (ಎರಡು ಅಳತೆಗಳ ಸರಾಸರಿಗೆ ಎದುರಾಗಿ ಅವುಗಳ ವ್ಯತ್ಯಾಸ ತೋರಿಸುವ ಚಿತ್ರ) ಹಾಕಿ, ಸರಾಸರಿ ವ್ಯತ್ಯಾಸ ± 1.96 ಡೀವಿಯೇಷನ್ ಕೊಡಿ. ಎರಡು ದಿನಗಳ ವ್ಯತ್ಯಾಸದ ಡೀವಿಯೇಷನ್ ಅನ್ನು 1.41ರಿಂದ ಭಾಗಿಸಿದರೆ ಟಿಪಿಕಲ್ ಎರರ್ (ಒಬ್ಬನ ಅಳತೆ ಯಾವ ಬದಲಾವಣೆಯೂ ಇಲ್ಲದೆ ಸಾಮಾನ್ಯವಾಗಿ ಎಷ್ಟು ಏರುಪೇರಾಗುತ್ತದೆ ಎಂಬುದು) ಸಿಗುತ್ತದೆ, ನಿಮ್ಮ ಕೋಚ್‌ಗೆ ನಿಜವಾಗಿ ಉಪಯೋಗವಾಗುವ ಸಂಖ್ಯೆ ಅದೇ.

ಎಥಿಕ್ಸ್ ಕಮಿಟಿಗೆ ಅರ್ಜಿ ಮೊದಲ ವಾರವೇ ಹೋಗಲಿ. ಅನುಮತಿ ಬರುವ ಮುಂಚೆ ತೆಗೆದ ವಿಡಿಯೊ ಲೆಕ್ಕಕ್ಕೆ ಬರುವುದಿಲ್ಲ, ಮತ್ತು 18 ತುಂಬದ ಹುಡುಗರಿಗೆ ಮನೆಯವರ ಸಹಿ ಬೇಕು.